ಒಂದು ಟ್ಯಾಂಕ್ ಪೆಟ್ರೋಲಿಗೆ ಎರಡು ಸೀಮೆ

ಹುಬ್ಬಳ್ಳಿಯ ಯಾವ ಗ್ಯಾರೇಜಿನ ಮುಂದೆ ನಾಲ್ಕು ಹುಡುಗರು ನಿಂತರೂ ಮಾತು ಲಡಾಖಿಗೆ ಹೋಗಿಯೇ ಹೋಗುತ್ತದೆ. ಯಾರ ಗಾಡಿ ಎಷ್ಟು ಎತ್ತರ ಏರಿತು, ಯಾರಿಗೆ ಎಲ್ಲಿ ಪಂಕ್ಚರ್ ಆಯಿತು, ಬರುವ ಜೂನ್‌ನಲ್ಲಿ ರಜೆ ಸಿಗುತ್ತದೋ ಇಲ್ಲವೋ. ಈಚೆಗೆ ಆ ಮಾತಿನಲ್ಲಿ ಮೆಕ್ಸಿಕೊ ಕೂಡ ಬರತೊಡಗಿದೆ. ಬಾಹಾ ಕ್ಯಾಲಿಫೋರ್ನಿಯಾದ ಮರಳು ದಾರಿ, ಸಿಯೆರಾ ಮಾದ್ರೆ ಪರ್ವತದ ತಿರುವುಗಳನ್ನು ವಿಡಿಯೊದಲ್ಲಿ ನೋಡಿದವರು ಆಳೆತ್ತರದ ಕಳ್ಳಿಗಳ ನಡುವೆ ಗಾಡಿ ಓಡಿಸುವ ಕನಸು ಕಾಣುತ್ತಾರೆ. ಕನಸು ಒಳ್ಳೆಯದೇ, ಈ ಊರಿನವರ ಕೈಗೆ ಎಟುಕದ್ದೂ ಅಲ್ಲ. ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಒಬ್ಬರೇ ಬೈಕ್ ಏರಿ ಹೊರಟು ಆಸ್ಟ್ರೇಲಿಯಾದ ಸಿಡ್ನಿ ತಲುಪಿದವರು.

ಆದರೆ ಮರಳುಗಾಡು, ಪರ್ವತಗಳ ದೂರದ ದಾರಿಗಳು ಸವಾರನಿಗೆ ಕಲಿಸುವ ಪಾಠಗಳಲ್ಲಿ ಬಹುಪಾಲು ಹುಬ್ಬಳ್ಳಿಯಿಂದ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವುದರೊಳಗೇ ಸಿಗುತ್ತವೆ. ಇದನ್ನು ಊರಿನ ಅಭಿಮಾನದಿಂದ ಹೇಳುತ್ತಿಲ್ಲ. ಈ ಊರು ಕುಳಿತಿರುವ ಜಾಗವೇ ಅಂಥದ್ದು. ಪಡುವಣಕ್ಕೆ ಹೊರಟರೆ ಮಧ್ಯಾಹ್ನದೊಳಗೆ ಬೆಳಕು ನೆಲ ಮುಟ್ಟದ ಕಾಡು. ಮೂಡಣಕ್ಕೆ ಹೊರಟರೆ ಅಷ್ಟೇ ಹೊತ್ತಿನಲ್ಲಿ ಮರದ ನೆರಳು ಹುಡುಕಬೇಕಾದ ಬಯಲು, ಅದರಾಚೆ ಬೋಳು ಬಂಡೆಗಳ ಗುಡ್ಡ. ಎರಡರ ನಡುವೆ ಏನು ಬದಲಾಗುತ್ತದೆ, ಏಕೆ ಬದಲಾಗುತ್ತದೆ, ಅದರಿಂದ ಎರಡು ಗಾಲಿಯ ಗಾಡಿಗೆ ಏನಾಗುತ್ತದೆ ಎಂಬುದನ್ನು ತಿಳಿದು ಹೋದವನ ಪ್ರಯಾಣವೇ ಬೇರೆ.

ಮೊದಲು ಮಳೆ. ಗೋವಾ ಗಡಿಯ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ ಸುಮಾರು 5000 ಮಿಲಿಮೀಟರ್ ಸುರಿಯುತ್ತದೆ. ಯಲ್ಲಾಪುರದಲ್ಲಿ ಅದರ ಅರ್ಧದಷ್ಟು. ಹುಬ್ಬಳ್ಳಿ-ಧಾರವಾಡಕ್ಕೆ ಬರುವಷ್ಟರಲ್ಲಿ 800ರ ಆಸುಪಾಸು. ಗದಗ, ಕೊಪ್ಪಳಗಳಲ್ಲಿ 600ರ ಸುತ್ತಮುತ್ತ. ಕ್ಯಾಸಲ್‌ರಾಕ್‌ನಿಂದ ಗದಗಿಗೆ ನೇರ ಗೆರೆ ಎಳೆದರೆ ನೂರೈವತ್ತು ಕಿಲೋಮೀಟರ್ ಕೂಡ ಆಗುವುದಿಲ್ಲ. ಅಷ್ಟರೊಳಗೆ ಮಳೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಕಾರಣ ಸಹ್ಯಾದ್ರಿ. ಅರಬ್ಬಿ ಸಮುದ್ರದಿಂದ ನೀರಾವಿ ಹೊತ್ತು ಬರುವ ನೈರುತ್ಯದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು, ಅಲ್ಲೇ ಸುರಿಸಿಬಿಡುತ್ತದೆ. ನೆತ್ತಿ ದಾಟಿ ಮೂಡಣಕ್ಕೆ ಇಳಿಯುವಾಗ ಅದೇ ಗಾಳಿ ಒತ್ತಡಕ್ಕೆ ಸಿಕ್ಕು ಮತ್ತೆ ಬಿಸಿಯಾಗುತ್ತದೆ, ಒಣಗುತ್ತದೆ. ಮೋಡ ಕಾಣಿಸುತ್ತದೆ, ಹನಿ ಬೀಳುವುದಿಲ್ಲ. ಜುಲೈ ತಿಂಗಳಲ್ಲಿ ಅಣ್ಣಿಗೇರಿಯ ಹೊಲದಲ್ಲಿ ನಿಂತ ರೈತ ತಲೆಯ ಮೇಲೆ ಸಾಗುವ ಮೋಡಗಳನ್ನು ನೋಡುತ್ತ ನಿಲ್ಲುವುದು ಇದೇ ಕಾರಣಕ್ಕೆ. ಉತ್ತರ ಕನ್ನಡದ ಘಟ್ಟಗಳು ಕೊಡಗು, ಚಿಕ್ಕಮಗಳೂರಿನ ಘಟ್ಟಗಳಷ್ಟು ಎತ್ತರವಿಲ್ಲದ್ದರಿಂದ ಇಲ್ಲಿ ಬದಲಾವಣೆ ಗೆರೆ ಎಳೆದಂತೆ ಆಗುವುದಿಲ್ಲ. ಕಲಘಟಗಿ, ಹಳಿಯಾಳದ ಸುತ್ತ ಅರೆಮಲೆನಾಡು ಎಂಬ ನಡುಪಟ್ಟಿಯೊಂದು ಉಳಿದಿದೆ. ಭತ್ತದ ಗದ್ದೆಯೂ ಜೋಳದ ಹೊಲವೂ ಒಂದೇ ಊರಿನಲ್ಲಿ ಕಾಣುವ ಪಟ್ಟಿ ಅದು.

ಮೆಕ್ಸಿಕೊದಲ್ಲಿಯೂ ಇದೇ ನಿಯಮ ಕೆಲಸ ಮಾಡುತ್ತದೆ, ಇನ್ನೂ ಕಠೋರವಾಗಿ. ಪೆಸಿಫಿಕ್ ಕಡೆಯ ಸಿಯೆರಾ ಮಾದ್ರೆ ಶ್ರೇಣಿ ಎರಡು ಸಾವಿರದೈನೂರು, ಮೂರು ಸಾವಿರ ಮೀಟರ್ ಎತ್ತರಕ್ಕೆ ಏಳುತ್ತದೆ. ಬೇಸಿಗೆಯ ಮುಂಗಾರು ಅಲ್ಲಿಯೂ ಇದೆ, ಜುಲೈನಿಂದ ಸೆಪ್ಟೆಂಬರ್‌ವರೆಗೆ. ಪರ್ವತದ ಪಡುವಣ ಮಗ್ಗುಲು ಅದನ್ನು ಕುಡಿದುಬಿಡುತ್ತದೆ. ಮೂಡಣದಲ್ಲಿ ಚಿವಾವಾ ಮರುಭೂಮಿ ಹರಡಿದೆ. ಬಾಹಾ ಮರಳುಗಾಡಿನ ಕಾರಣ ಬೇರೆ. ಅಲ್ಲಿ ತಣ್ಣನೆಯ ಸಾಗರ ಪ್ರವಾಹ ಮೋಡ ಕಟ್ಟಲು ಬಿಡುವುದಿಲ್ಲ. ನಮ್ಮ ಬಯಲುಸೀಮೆ ಮರುಭೂಮಿ ಅಲ್ಲ, ಹಾಗೆ ಕರೆದರೆ ಬಿಳಿಜೋಳ, ಕಡಲೆ, ಹತ್ತಿ ಬೆಳೆಯುವ ನೆಲಕ್ಕೆ ಅನ್ಯಾಯವಾಗುತ್ತದೆ. ಆದರೆ ಏಪ್ರಿಲ್‌ನಲ್ಲಿ ಬಿತ್ತದೇ ಬಿದ್ದ ಹೊಲಗಳ ನಡುವೆ ನಲವತ್ತು ಡಿಗ್ರಿಯ ಬಿಸಿಲಲ್ಲಿ ಗಾಡಿ ಓಡಿಸುವವನ ಮೈಗೆ ಆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಇನ್ನೊಂದು ಸಂಗತಿ ನನಗೆ ಎಂದೂ ಹಳೆಯದೆನಿಸುವುದಿಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲಾ-ಗೋಕರ್ಣದ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆಯಿಂದ ಬರುವ ಬೆಣ್ಣಿಹಳ್ಳ ಕುಂದಗೋಳ, ನವಲಗುಂದದ ಎರೆಯಲ್ಲಿ ಹರಿದು, ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅವಳಿ ನಗರ ಕುಳಿತಿರುವುದು ಈ ಎರಡು ಕಡಲುಗಳ ನೀರು ಬೇರೆಯಾಗುವ ದಿಬ್ಬದ ಮೇಲೆ. ಬೈಕಿನ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ. ಒಂದು ದಿನ ಶಾಲ್ಮಲೆಯ ಜೊತೆ ಇಳಿಯಿರಿ, ಇನ್ನೊಂದು ದಿನ ಬೆಣ್ಣಿಹಳ್ಳದ ಜೊತೆ.

ಪಡುವಣಕ್ಕೆ ಹೋಗುವವರಿಗೆ ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲಾಕ್ಕೆ ಇಳಿಯುವ ಹೆದ್ದಾರಿ ಗೊತ್ತೇ ಇದೆ. ನಾನು ಹೇಳಬಯಸುವ ದಾರಿ ಅದಲ್ಲ. ಧಾರವಾಡ, ಹಳಿಯಾಳ, ದಾಂಡೇಲಿ, ಗಣೇಶಗುಡಿ, ಜೋಯಿಡಾ ದಾಟಿ ಉಳವಿಗೆ ಹೋಗುವ ದಾರಿ. ಮೋಟಾರ್‌ಸೈಕಲ್ ಹುಟ್ಟುವುದಕ್ಕೂ ಶತಮಾನಗಳ ಮೊದಲಿಂದ ಇದು ದೂರಪ್ರಯಾಣದ ದಾರಿ. ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣನವರ ಜೊತೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಕಾಡು ಸೇರಿದರು ಎಂಬುದು ಪರಂಪರೆಯ ನಂಬಿಕೆ. ಚನ್ನಬಸವಣ್ಣನವರ ಸಮಾಧಿ ಇರುವುದು ಅಲ್ಲಿಯೇ. ಭಾರತ ಹುಣ್ಣಿಮೆಯ ಹೊತ್ತಿನ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ ಕಡೆಯ ರೈತರು ಈಗಲೂ ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ಎತ್ತಿಗೆ ಮೇವು, ಮನೆಮಂದಿಗೆ ರೊಟ್ಟಿ ಬುತ್ತಿ, ರಾತ್ರಿ ದಾರಿಬದಿಯಲ್ಲೇ ಬಿಡಾರ. ದುರ್ಗಮ ದಾರಿಯ ಪ್ರಯಾಣಕ್ಕೆ ಏನೇನು ಹೊತ್ತುಕೊಂಡು ಹೋಗಬೇಕು, ಒಂದು ದಿನಕ್ಕೆ ಎಷ್ಟು ದೂರ ಸಾಕು, ಎಲ್ಲಿ ನೀರು ಸಿಗುತ್ತದೆ ಎಂಬ ಜ್ಞಾನ ಈ ಮನೆತನಗಳಲ್ಲಿ ತಲೆಮಾರುಗಳಿಂದ ಇದೆ. ಸಾವಿರಾರು ರೂಪಾಯಿಯ ಸ್ಯಾಡಲ್ ಬ್ಯಾಗ್ ಕೊಳ್ಳುವ ಮೊದಲು ಉಳವಿಗೆ ಚಕ್ಕಡಿ ಹೊಡೆದ ಅಜ್ಜನೊಬ್ಬನನ್ನು ಮಾತಾಡಿಸುವುದು ಮೇಲು.

ಗಣೇಶಗುಡಿಯಲ್ಲಿ ದಾರಿ ಸೂಪಾ ಅಣೆಕಟ್ಟಿನ ಹತ್ತಿರ ಹಾಯುತ್ತದೆ. ಕಾಳಿ ನದಿಗೆ ಅಡ್ಡವಾಗಿ 101 ಮೀಟರ್ ಎತ್ತರಕ್ಕೆ ಎದ್ದ ಈ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣಗೊಂಡಾಗ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಕೇಂದ್ರ ಜೋಯಿಡಾಕ್ಕೆ ಬಂತು. ಹಿನ್ನೀರು ಕಣಿವೆಗಳನ್ನು ತುಂಬಿಕೊಂಡ ಕಡೆಗಳಲ್ಲಿ ಹಳೆಯ ಕಾಲುದಾರಿ, ಗಾಡಿದಾರಿಗಳೂ ಅದರೊಂದಿಗೆ ಹೋದವು. ಒಂದು ಕಾಲಕ್ಕೆ ನೇರವಾಗಿ ನಡೆದು ಮುಟ್ಟುತ್ತಿದ್ದ ಊರುಗಳಿಗೆ ಈಗ ಬಳಸು ದಾರಿ. ಜೋಯಿಡಾದ ಹಳ್ಳಿಗಳು ‘ರಿಮೋಟ್’ ಎಂದು ನಾವು ಖುಷಿಪಡುವಾಗ ಇದು ನೆನಪಿರಬೇಕು. ಆ ದೂರದಲ್ಲಿ ಒಂದು ಪಾಲು ನಮ್ಮ ಮನೆಯ ವಿದ್ಯುತ್ ದೀಪಕ್ಕಾಗಿ ಹುಟ್ಟಿದ್ದು. ಕಾಳಿ ಹುಟ್ಟುವ ದಿಗ್ಗಿಯಂಥ ಊರಿನ ತಾಯಿಗೆ ಹೆರಿಗೆ ನೋವು ಬಂದಾಗ ಆ ತಿರುವುಗಳು ಸಾಹಸದ ಮಾತಲ್ಲ.

ದಾಂಡೇಲಿ ಬಿಟ್ಟ ಮೇಲೆ ಪೆಟ್ರೋಲ್ ಬಂಕ್‌ಗಳು ವಿರಳ, ಮೊಬೈಲ್ ಸಿಗ್ನಲ್ ಬಂದು ಹೋಗುತ್ತದೆ. ಬಾಹಾದಲ್ಲಿ ಈ ಕೊರತೆಯ ಪ್ರಮಾಣವೇ ಬೇರೆ. ಎಲ್ ರೊಸಾರಿಯೊ ಎಂಬ ಊರು ದಾಟಿದರೆ ಮುಂದೆ ಮುನ್ನೂರು ಕಿಲೋಮೀಟರ್‌ವರೆಗೆ ನೆಚ್ಚಬಹುದಾದ ಬಂಕ್ ಇಲ್ಲ, ನಡುವೆ ಸ್ಥಳೀಯರು ಡ್ರಮ್ಮುಗಳಲ್ಲಿ ತಂದಿಟ್ಟು ಮಾರುವ ಪೆಟ್ರೋಲೇ ಗತಿ. ನಮ್ಮ ಹಳ್ಳಿಗಳ ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲಿನ ದೊಡ್ಡ ರೂಪ ಅದು. ಆ ಪರ್ಯಾಯದ್ವೀಪದ ಉದ್ದಕ್ಕೂ ಡಾಂಬರು ರಸ್ತೆ ಪೂರ್ಣಗೊಂಡದ್ದೇ 1973ರಲ್ಲಿ. ಅದಕ್ಕೆ ಹನ್ನೊಂದು ವರ್ಷ ಮೊದಲು, 1962ರಲ್ಲಿ, ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಎಂಬಿಬ್ಬರು 250 ಸಿಸಿಯ ಹೋಂಡಾ ಗಾಡಿಗಳಲ್ಲಿ ತಿಹುವಾನಾದಿಂದ ಲಾ ಪಾಜ್‌ವರೆಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್ ಹೋದರು. ಎಕಿನ್ಸ್ ನಲವತ್ತು ಗಂಟೆಯೊಳಗೆ ಮುಟ್ಟಿದರು. ಹೊರಟ ಊರಿನಿಂದಲೂ ತಲುಪಿದ ಊರಿನಿಂದಲೂ ತಂತಿ ಕಳಿಸಿ ಹೊತ್ತನ್ನು ದಾಖಲಿಸಿದರು. ಐದು ವರ್ಷದ ನಂತರ ಶುರುವಾದ, ಇಂದು ಬಾಹಾ 1000 ಎಂದು ಹೆಸರಾದ ರೇಸಿಗೆ ಬೀಜ ಬಿದ್ದದ್ದು ಅಂಥ ಓಟಗಳಿಂದ. ಗಮನಿಸಬೇಕಾದ್ದು ಎಂಜಿನ್ನಿನ ಅಳತೆ. ಇವತ್ತು ನಮ್ಮ ಹುಡುಗರು ‘ಇದರಲ್ಲಿ ಟೂರ್ ಆಗಲ್ಲ’ ಎಂದು ಬದಿಗಿಡುವ ಗಾಡಿಗಳು ಎಷ್ಟೋ ಅದಕ್ಕಿಂತ ದೊಡ್ಡವು.

ಘಟ್ಟ ಇಳಿಯುವ ವಿದ್ಯೆ ಏರುವುದಕ್ಕಿಂತ ಕಷ್ಟದ್ದು, ಅದನ್ನು ಲೆಕ್ಕ ಹಾಕಿ ನೋಡಬಹುದು. ಗಾಡಿ, ಇಬ್ಬರು ಸವಾರರು, ಸಾಮಾನು ಸೇರಿ 280 ಕಿಲೋ ಎಂದುಕೊಳ್ಳಿ. ಯಲ್ಲಾಪುರದ ಎತ್ತರದಿಂದ ಕರಾವಳಿಯ ಮಟ್ಟಕ್ಕೆ ಐನೂರು ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಹದಿನಾಲ್ಕು ಲಕ್ಷ ಜೂಲ್. ತಣ್ಣೀರಿನ ನಾಲ್ಕು ಲೀಟರ್ ಪಾತ್ರೆಯನ್ನು ಕುದಿಸಲು ಅಷ್ಟು ಶಾಖ ಸಾಕು. ಅದೆಲ್ಲವನ್ನೂ ಬ್ರೇಕಿನ ಪುಟ್ಟ ಪ್ಯಾಡುಗಳಿಗೆ ಒಪ್ಪಿಸಿದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿದ್ದರೆ ಅದರೊಳಗಿನ ನೀರು ಕುದಿದು ಗುಳ್ಳೆಯಾಗುತ್ತದೆ. ಲಿವರ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಗಾಲಿ ನಿಲ್ಲುವುದಿಲ್ಲ. ಆದ್ದರಿಂದಲೇ ಹಳೆಯ ಲಾರಿ ಚಾಲಕರು ‘ಯಾವ ಗೇರಿನಾಗ ಏರ್ತೀಯೋ ಅದ ಗೇರಿನಾಗ ಇಳಿ’ ಎನ್ನುವುದು. ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯಬೇಕು, ಬ್ರೇಕ್ ತಿರುವಿಗೆ ಮಾತ್ರ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವವರನ್ನು ಅರಬೈಲಿನಲ್ಲಿ ಕಂಡಾಗಲೆಲ್ಲ ನಿಲ್ಲಿಸಿ ಹೇಳಬೇಕೆನಿಸುತ್ತದೆ.

ಮಳೆಗಾಲದಲ್ಲಿ ಅಪಾಯ ಬರುವುದು ಮೇಲಿನಿಂದ. ಕರಾವಳಿ ಮತ್ತು ಘಟ್ಟದ ಗುಡ್ಡಗಳಲ್ಲಿ ಮೇಲ್ಪದರ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆಯ ಜೇಡಿ, ಅದರ ಕೆಳಗೆ ಗಟ್ಟಿ ಬಂಡೆ. ದಿನಗಟ್ಟಲೆ ಸುರಿದ ನೀರು ಜೇಡಿಯಲ್ಲಿ ತುಂಬಿ ಬಂಡೆಯ ಮೇಲೆ ಜಾರುವ ಪದರವಾಗುತ್ತದೆ. ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ಲಂಬವಾಗಿ ಕಡಿದಿದ್ದರೆ ಆಸರೆ ಮೊದಲೇ ಹೋಗಿರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ ಊರಿನ ಗುಡ್ಡ ಕುಸಿಯಿತು, ಅರಬೈಲ್ ಘಟ್ಟದ ರಸ್ತೆಯೂ ಬಂದ್ ಆಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಚಹಾದಂಗಡಿ ನಡೆಸುತ್ತಿದ್ದ ಕುಟುಂಬವನ್ನೂ ಲಾರಿಯನ್ನೂ ಗಂಗಾವಳಿಗೆ ನೂಕಿತು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಆ ನೀರೇ. ಜುಲೈ, ಆಗಸ್ಟ್‌ನಲ್ಲಿ ಘಟ್ಟದ ಹಸಿರು ನೋಡಲು ಹೋಗುವವರನ್ನು ನಾನು ಬೇಡವೆನ್ನುತ್ತೇನೆ. ನಿಮ್ಮ ಜೀವದ ಮಾತು ಒಂದು ಕಡೆ. ಗುಡ್ಡ ಜರಿದ ದಿನ ಅಲ್ಲಿ ಸಿಕ್ಕಿಕೊಂಡ ಪ್ರತಿ ಪ್ರವಾಸಿಯೂ ರಕ್ಷಣೆಗೆ ಬಂದವರ ಕೈಯನ್ನು ಊರಿನವರಿಂದ ಕಿತ್ತುಕೊಳ್ಳುತ್ತಾನೆ.

ಘಟ್ಟ ಇಳಿಯುವ ಈ ದಾರಿಗಳು ಯಾಕಾಗಿ ಹುಟ್ಟಿದವು ಎಂಬ ಪ್ರಶ್ನೆಗೆ ಉತ್ತರ ಮೂಡಣದ ಹೊಲದಲ್ಲಿದೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋದಾಗ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹತ್ತಿಗೆ ಚಿನ್ನದ ಬೆಲೆ ಬಂತು. ಎರೆಭೂಮಿಯ ಆ ಹತ್ತಿ ಲಂಬಾಣಿಗರ ಹೇರೆತ್ತುಗಳ ಮೇಲೆ, ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಹೋಗಿ, ಲಿವರ್‌ಪೂಲ್ ಪೇಟೆಯಲ್ಲಿ ಅದಕ್ಕೆ ಬಂದರಿನ ಹೆಸರೇ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ದಾರಿ ಮತ್ತು ಬಂದರಿನ ಒತ್ತಡವಿತ್ತು. ಮುಂದೆ 1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂತು. 1888ರಲ್ಲಿ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ಹಳಿ ಕೂಡಿತು. ಹತ್ತಿ ಬೋಗಿ ಏರಿತು, ಕುಮಟಾ ಸೊರಗಿತು.

ದಾರಿ ಏಕಾಂತವಾಗುವುದು ಹೀಗೆಯೇ. ಸರಕು ಬೇರೆ ಹಾದಿ ಹಿಡಿದಾಗ ಹಳೆಯ ಹಾದಿ ಮೌನವಾಗುತ್ತದೆ. ಮೆಕ್ಸಿಕೊದ ದುರಾಂಗೊ ಮತ್ತು ಮಸಾತ್ಲಾನ್ ನಡುವಿನ ಹಳೆಯ ಪರ್ವತ ರಸ್ತೆಗೆ ಅಲ್ಲಿನ ಜನ ಸೈತಾನನ ಬೆನ್ನೆಲುಬು ಎನ್ನುತ್ತಾರೆ. 2013ರಲ್ಲಿ ಸುರಂಗ, ಸೇತುವೆಗಳ ಹೊಸ ಟೋಲ್ ರಸ್ತೆ ತೆರೆಯಿತು. ಸುಮಾರು ಆರು ಗಂಟೆಯ ಪ್ರಯಾಣ ಅರ್ಧಕ್ಕಿಂತ ಕಡಿಮೆಯಾಯಿತು, ಲಾರಿಗಳು ಅತ್ತ ಹೋದವು. ಹಳೆಯ ರಸ್ತೆ ಈಗ ಲೋಕದ ಬೈಕ್ ಸವಾರರಿಗೆ ಯಾತ್ರಾಸ್ಥಳ. ನಮ್ಮಲ್ಲಿ ಅರಬೈಲ್ ಇನ್ನೂ ಲಾರಿಗಳದೇ ರಾಜ್ಯ, ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಡು ಮತ್ತು ಕಡತಗಳ ನಡುವೆ ಇದೆ. ಆ ಹೆದ್ದಾರಿಯಲ್ಲಿ ಅದಿರು, ಗ್ರಾನೈಟ್ ಹೊತ್ತ ಲಾರಿಗಳ ನಡುವೆ ನುಸುಳುವುದರಲ್ಲಿ ನನಗೆ ಸುಖ ಕಾಣುವುದಿಲ್ಲ.

ಮೂಡಣಕ್ಕೆ ತಿರುಗೋಣ. ಗದಗಿಗೆ ಹೋಗುವ ಚತುಷ್ಪಥ ಬಿಟ್ಟು ನವಲಗುಂದ, ಅಣ್ಣಿಗೇರಿ, ರೋಣದ ಒಳದಾರಿ ಹಿಡಿದರೆ ಬೆಳವಲ ನಾಡು. ಕಣ್ಣು ಹಾಯುವವರೆಗೆ ಕಪ್ಪು. ಈ ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತದೆ. ಬೆಳೆಗೆ ಇದು ವರ. ಹಿಂಗಾರಿನ ನೀರನ್ನು ಹಿಡಿದಿಟ್ಟುಕೊಂಡು ಚಳಿಗಾಲವಿಡೀ ಬಿಳಿಜೋಳ, ಕಡಲೆಯನ್ನು ಸಾಕುತ್ತದೆ. ರಸ್ತೆಗೆ ಮಾತ್ರ ಶಾಪ. ಡಾಂಬರಿನ ನಡುಭಾಗದ ಕೆಳಗಿನ ಮಣ್ಣು ಹೆಚ್ಚು ಕಡಿಮೆ ಒಂದೇ ತೇವದಲ್ಲಿರುತ್ತದೆ, ಅಂಚಿನ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಹಾಗಾಗಿ ರಸ್ತೆ ಅಂಚಿನಿಂದ ಬಿರಿಯುತ್ತ ಬರುತ್ತದೆ, ನಡುವೆ ಅಲೆ ಏಳುತ್ತದೆ. ಬಿರುಕುಗಳು ದಾರಿಯ ಉದ್ದಕ್ಕೆ ಇರುವುದರಿಂದ ಕಾರಿಗೆ ತಿಳಿಯುವುದಿಲ್ಲ. ಬೈಕಿನ ಮುಂಗಾಲಿ ಅದರೊಳಗೆ ಸಿಕ್ಕರೆ ಹ್ಯಾಂಡಲ್ ಕೈಬಿಡುತ್ತದೆ. ಅಂಥ ಕಡೆ ಅಂಚು ಬಿಟ್ಟು ನಡುವೆ ಓಡಿಸಬೇಕು, ಬಿರುಕನ್ನು ದಾಟಲೇಬೇಕಾದರೆ ಓರೆಯಾಗಿ ಸವರದೆ ಆದಷ್ಟು ಅಡ್ಡಲಾಗಿ ದಾಟಬೇಕು.

ಹೊಲದ ದಾರಿಗೆ ಇಳಿದಾಗ ಮಳೆ ಬಂದರೆ ಇನ್ನೊಂದು ಕಥೆ. ಹಸಿ ಎರೆ ಟೈರಿಗೆ ಅಂಟಿ, ಮಡ್‌ಗಾರ್ಡಿನಲ್ಲಿ ಗಟ್ಟಿಯಾಗಿ ತುಂಬಿ, ಗಾಲಿಯನ್ನೇ ಬಿಗಿಯುತ್ತದೆ. ಎಷ್ಟು ಸಿಸಿ ಇದ್ದರೂ ಗಾಡಿ ಹಂದುವುದಿಲ್ಲ. ನವಲಗುಂದದ ರೈತರು ಮಳೆಗಾಲದಲ್ಲಿ ತಮ್ಮ ಸ್ಪ್ಲೆಂಡರ್‌ಗಳ ಮುಂದಿನ ಮಡ್‌ಗಾರ್ಡ್ ಕಳಚಿಟ್ಟು ಓಡಿಸುವುದು ಇದಕ್ಕೇ. ಸಾಹಸದ ಬೈಕುಗಳಲ್ಲಿ ಮಡ್‌ಗಾರ್ಡನ್ನು ಟೈರಿನಿಂದ ಒಂದು ಗೇಣು ಮೇಲೆ ಕೂರಿಸುವ ವಿನ್ಯಾಸದ ಹಿಂದಿನ ತರ್ಕವೂ ಇದೇ. ಮಳೆ ಶುರುವಾದರೆ ಎರೆದಾರಿಯಲ್ಲಿ ಮುಂದೆ ಹೋಗಬಾರದು. ಮಸಾರಿ ನೆಲವೋ ಡಾಂಬರೋ ಹತ್ತಿರವಿದ್ದ ಕಡೆ ತಿರುಗಿ, ಇಲ್ಲವೇ ಅಲ್ಲೇ ನಿಂತು ಒಂದು ಬಿಸಿಲಿಗೆ ಕಾಯಿರಿ. ಕೆಂಪು ಮಸಾರಿ ನೀರು ಬಸಿದು ಬೇಗ ಗಟ್ಟಿಯಾಗುತ್ತದೆ.

ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಬಗ್ಗೆ ಗೌರವ ಇರಲಿ. ವರ್ಷದ ಬಹುಪಾಲು ಇವು ದಾಟಲು ಯೋಚಿಸಬೇಕಿಲ್ಲದ ಸಣ್ಣ ಹರಿವು. ಆದರೆ ಎರೆನೆಲ ಒಮ್ಮೆ ನೆನೆದು ಮುಚ್ಚಿಕೊಂಡರೆ ಬಿದ್ದ ನೀರನ್ನೆಲ್ಲ ಮೇಲಿಂದ ಮೇಲೆ ಹರಿಸುತ್ತದೆ. ನೀವು ನಿಂತ ಕಡೆ ಬಿಸಿಲು ಹೊಡೆಯುತ್ತಿದ್ದರೂ ಮೇಲೆ ಕುಂದಗೋಳದಲ್ಲಿ ಸುರಿದದ್ದು ಬಂದು ಹಳ್ಳವನ್ನು ಹೊಲದವರೆಗೆ ಹರಡಿಬಿಡುತ್ತದೆ. ಹೊಲಕ್ಕೆ ಹೋದವರು ರಾತ್ರಿಯೆಲ್ಲ ನೀರಿನ ನಡುವೆ ಸಿಕ್ಕಿಕೊಂಡ ಸುದ್ದಿ ಈ ಭಾಗದ ಪತ್ರಿಕೆಗಳಿಗೆ ಹೊಸದಲ್ಲ. ಬಾಹಾದಲ್ಲಿ ಒಣ ಹಳ್ಳ ದಾಟುವ ಕಡೆ ಸೇತುವೆ ಕಟ್ಟದೆ ರಸ್ತೆಯನ್ನೇ ತಗ್ಗಿಗೆ ಇಳಿಸಿರುತ್ತಾರೆ, ಎಚ್ಚರಿಕೆಯ ಫಲಕವನ್ನೂ ಹಾಕುತ್ತಾರೆ. ಅಲ್ಲಿಯೂ ಎಲ್ಲೋ ದೂರದ ಗುಡ್ಡದ ಮಳೆ ತಗ್ಗಿನಲ್ಲಿ ಗಾಡಿಗಳನ್ನು ಕೊಚ್ಚುತ್ತದೆ. ಕಂದು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಕಾಣುವುದಿಲ್ಲ. ಮೊಣಕಾಲು ಮುಟ್ಟದ ನೀರೂ ವೇಗದಲ್ಲಿದ್ದರೆ ಎರಡು ಗಾಲಿಯನ್ನು ಮಗ್ಗುಲಿಗೆ ಸರಿಸುತ್ತದೆ. ನಮ್ಮ ಹಳ್ಳಗಳಿಗೆ ಎತ್ತರದ ಸೇತುವೆ ಬೇಕೆಂದು ರೈತರು ಕೇಳುವುದನ್ನು ಪ್ರವಾಸಿಗರೂ ಸೇರಿ ಕೇಳಬೇಕು.

ಗದಗ ದಾಟಿ ಡಂಬಳ, ಡೋಣಿ ಕಡೆ ಹೋದರೆ ಕಪ್ಪತಗುಡ್ಡ. ಹತ್ತಿರ ಬರುತ್ತಿದ್ದಂತೆ ಗಾಡಿ ಒಂದು ಮಗ್ಗುಲಿಗೆ ಎಳೆಯತೊಡಗುತ್ತದೆ. ಘಟ್ಟದಲ್ಲಿ ಮಳೆ ಸುರಿಸಿ ಹಗುರಾದ ಅದೇ ನೈರುತ್ಯ ಗಾಳಿ ಬಯಲಲ್ಲಿ ತಡೆಯಿಲ್ಲದೆ ಬಂದು ಇಲ್ಲಿ ಬಡಿಯುತ್ತದೆ. ಗುಡ್ಡದ ಮೇಲೆ, ಆಚೆ ಗಜೇಂದ್ರಗಡದ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿರುವುದು ಅದೇ ಕಾರಣಕ್ಕೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಜಾಗ್ರತೆ. ಲಾರಿಯ ಮರೆಯಲ್ಲಿ ಗಾಳಿ ನಿಂತು, ಮರೆ ಮುಗಿದೊಡನೆ ಒಮ್ಮೆಲೇ ನೂಕುತ್ತದೆ.

ಈ ಗುಡ್ಡದ ಕಲ್ಲು ಲೋಕದ ಹಳೆಯ ಕಲ್ಲುಗಳಲ್ಲಿ ಒಂದು. ಎರಡೂವರೆ ಶತಕೋಟಿ ವರ್ಷಗಳಿಗೂ ಹಿಂದಿನ ಈ ಶಿಲೆಗಳಿಗೆ ಧಾರವಾಡದ ಹೆಸರು ಇಟ್ಟವನು 19ನೇ ಶತಮಾನದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅದರಲ್ಲಿ ಕಬ್ಬಿಣವಿದೆ, ಚಿನ್ನದ ಎಳೆಗಳಿವೆ, ಮೇಲೆ ಔಷಧಿ ಸಸ್ಯಗಳ ಕುರುಚಲು ಕಾಡಿದೆ. ಗಣಿಗಾರಿಕೆ ಬಾರದಂತೆ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮತ್ತು ಜನ ಹೋರಾಡಿದರು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಇಷ್ಟು ಕಷ್ಟದಿಂದ ಉಳಿಸಿಕೊಂಡ ಗುಡ್ಡದ ಇಳಿಜಾರುಗಳಲ್ಲಿ ರಸ್ತೆ ಬಿಟ್ಟು ಗಾಡಿ ಹತ್ತಿಸುವ ಆಟ ನಿಲ್ಲಬೇಕು. ಒಣನಾಡಿನ ಮಣ್ಣಿನ ತೆಳು ಪದರಕ್ಕೆ ಟೈರಿನ ಗೀರು ಬಿದ್ದರೆ ಮುಂದಿನ ಮಳೆ ಅದನ್ನು ಕೊರಕಲು ಮಾಡುತ್ತದೆ, ಹುಲ್ಲು ಮತ್ತೆ ಹಿಡಿಯಲು ವರ್ಷಗಳು ಬೇಕು. ಬಾಹಾ ಮರಳುಗಾಡಿನಲ್ಲೂ ರೇಸಿನ ಗಾಡಿಗಳು ದಾರಿ ಬಿಟ್ಟು ಉತ್ತದ್ದು ಕಣ್ಣಿಗೆ ಕಾಣುವ ಗಾಯವಾಗಿ ಉಳಿದಿದೆ.

ಇನ್ನೂ ಮುಂದೆ ಕೊಪ್ಪಳ, ಗಂಗಾವತಿ. ಕಲ್ಲಿನ ಜಾತಿಯೇ ಬದಲಾಗಿ ಗ್ರಾನೈಟಿನ ದುಂಡು ಬಂಡೆಗಳು ಒಂದರ ಮೇಲೊಂದು ನಿಂತಿರುತ್ತವೆ. ನೆಲದೊಳಗೆ ಸೀಳುಗಳ ಉದ್ದಕ್ಕೂ ನೀರು ಹೊಕ್ಕು ಮೂಲೆಗಳನ್ನು ಕರಗಿಸಿ, ಮೇಲಿನ ಮಣ್ಣು ಕೊಚ್ಚಿಹೋದಾಗ ಉಳಿದ ತಿರುಳು ಇವು. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣ ಯುಗದವರು ಇದೇ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ನೂರಾರು ಸಮಾಧಿಮನೆಗಳಿವೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿತು. ಬೈಕನ್ನು ಕೆಳಗೇ ಬಿಟ್ಟು ಬಂಡೆಗಳ ನಡುವೆ ನಡೆದು ಏರಬೇಕು, ಕುಡಿಯುವ ನೀರು ಜೊತೆಗಿರಲಿ. ಒಣ ಗಾಳಿಯಲ್ಲಿ ಗಾಡಿ ಓಡಿಸುವಾಗ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ದೇಹ ಎಷ್ಟು ನೀರು ಕಳೆದುಕೊಂಡಿತೆಂದು ತಿಳಿಯುವುದೇ ಇಲ್ಲ. ಗಾಳಿಯ ಬಿಸಿ ಮೈಶಾಖಕ್ಕಿಂತ ಮೇಲೇರಿದರೆ ಎದೆ ಬಿಚ್ಚಿ ಓಡಿಸುವುದರಿಂದ ತಂಪಾಗುವುದಿಲ್ಲ, ಇನ್ನಷ್ಟು ಕಾಯುತ್ತೇವೆ. ಬಯಲಿನ ರೈತ ಉರಿಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ತಲೆಗೆ ರುಮಾಲು ಬಿಡದಿರುವುದು ಸುಮ್ಮನೆ ಅಲ್ಲ. ಬಾಯಾರಿಕೆಗೆ ಕಾಯದೆ ಕುಡಿಯಿರಿ. ಸಾಧ್ಯವಾದರೆ ಉಪ್ಪು ಹಾಕಿದ ಮಜ್ಜಿಗೆ.

ಯಾವಾಗ ಹೋಗಬೇಕು ಎಂದು ಕೇಳಿದರೆ, ಹಿಂಗಾರು ಮುಗಿದ ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ. ಮೂಡಣಕ್ಕೆ ಎಳ್ಳಮಾವಾಸ್ಯೆಯ ಹೊತ್ತು ಚೆಂದ. ಬಿಳಿಜೋಳ ಎದೆಯೆತ್ತರ ಬಂದಿರುತ್ತದೆ, ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ, ದಾರಿಯಲ್ಲಿ ನಿಂತವರನ್ನು ಊಟಕ್ಕೆ ಕರೆಯದೆ ಬಿಡುವುದಿಲ್ಲ. ಅಂದು ಒಳದಾರಿಗಳಲ್ಲಿ ಚಕ್ಕಡಿಗಳು ತುಂಬಿರುತ್ತವೆ, ವೇಗ ಕಡಿಮೆ ಇರಲಿ. ಪಡುವಣಕ್ಕೆ ಭಾರತ ಹುಣ್ಣಿಮೆಯ ಹಿಂದುಮುಂದು. ಉಳವಿಯ ದಾರಿಯಲ್ಲಿ ಆಗ ಎತ್ತುಗಳು ಸಾಲಾಗಿ ಬರುತ್ತವೆ. ಹಾರ್ನ್ ಹೊಡೆಯಬೇಡಿ, ಎಂಜಿನ್ ಗುಡುಗಿಸಬೇಡಿ, ಬೆದರಿದ ಎತ್ತು ಚಕ್ಕಡಿಯನ್ನು ಕಂದಕಕ್ಕೆ ಎಳೆದೊಯ್ಯಬಲ್ಲದು. ಚಕ್ಕಡಿಯವರು ಕೈ ಮಾಡಿ ದಾರಿ ಬಿಟ್ಟಾಗ ಮಾತ್ರ ಬಲಕ್ಕೆ ಸರಿದು ನಿಧಾನವಾಗಿ ಮುಂದೆ ಹೋಗಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಚೆಕ್‌ಪೋಸ್ಟುಗಳನ್ನು ಹಗಲಲ್ಲೇ ದಾಟುವಂತೆ ಹೊತ್ತು ನೋಡಿಕೊಳ್ಳಿ, ಟ್ಯಾಂಕನ್ನು ದಾಂಡೇಲಿಯಲ್ಲಿ ತುಂಬಿಸಿ.